ದಾರಿ ಒಣಗುವ ಹೊತ್ತು

ಕನ್ನಡ ನಾಡಿನಲ್ಲಿ ಶರತ್ತು ಎಲೆ ಉದುರಿಸಿಕೊಂಡು ಬರುವುದಿಲ್ಲ. ಭಾದ್ರಪದ ಕೊನೆಯಾಗುತ್ತ ಬಂದಂತೆ ಒಂದು ಬೆಳಿಗ್ಗೆ ಅಂಗಳದಲ್ಲಿ ಬಟ್ಟೆ ಹರವಿದವರು ಮತ್ತೆ ಮತ್ತೆ ಆಕಾಶ ನೋಡುವುದನ್ನು ಬಿಟ್ಟಿರುತ್ತಾರೆ. ಋತು ಬದಲಾಯಿತು ಎನ್ನುವುದಕ್ಕೆ ಅಷ್ಟೇ ಗುರುತು. ಉತ್ತರೆ ಮಳೆ ಹಿಂದಾಗಿ ಹಸ್ತೆ ಬರುವ ಹೊತ್ತಿಗೆ ಕೆರೆಯ ಕೆಂಪು ನೀರು ತಿಳಿಯಾಗಿ ತಳ ಕಾಣಿಸುತ್ತದೆ. ಹುಚ್ಚೆಳ್ಳಿನ ಹೊಲ ಹಳದಿಯಾಗುತ್ತದೆ. ರಾಗಿ ತೆನೆ ಒಡೆದು ಕೈಬೆರಳಿನಂತೆ ಮಡಿಚಿಕೊಳ್ಳುತ್ತದೆ. ಬೆಳಗಿನ ಜಾವ ಪಾರಿಜಾತದ ಬುಡದಲ್ಲಿ ಹೂ ಹಾಸಿರುತ್ತದೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇನ್ನೂ ಉಳಿದುಕೊಂಡ ಆಕಾಶಮಲ್ಲಿಗೆ ಮರಗಳು ರಾತ್ರಿಯೆಲ್ಲ ಬಿಳಿ ಹೂ ಸುರಿಸಿ ರಸ್ತೆಯನ್ನು ಬೆಳ್ಳಗೆ ಮಾಡಿರುತ್ತವೆ.

ಇದೇ ದಿನಗಳಲ್ಲಿ ಬಯಲಿನ ಮೇಲೆ ಏರೋಪ್ಲೇನ್ ಚಿಟ್ಟೆಗಳು ಹಿಂಡುಹಿಂಡಾಗಿ ತೇಲುತ್ತವೆ. ಮಕ್ಕಳು ಅವುಗಳ ಬಾಲಕ್ಕೆ ದಾರ ಕಟ್ಟಲು ಓಡಾಡುತ್ತಾರೆ. ಆ ಹಿಂಡಿನಲ್ಲಿ ಹೆಚ್ಚಾಗಿರುವ ಹಳದಿ ಮೈಯ ಒಂದು ಜಾತಿ ಅಕ್ಟೋಬರಿನಲ್ಲಿ ಗಾಳಿಯ ಬೆನ್ನೇರಿ ಮಾಲ್ಡೀವ್ಸ್ ದಾಟಿ ಆಫ್ರಿಕಾದ ಕಡೆಗೆ ಹೋಗುತ್ತದೆಂದು ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ 2009ರಲ್ಲಿ ಬರೆದರು. ಬೆರಳುದ್ದದ ಹುಳು ಕಡಲು ದಾಟಿಬಿಡುತ್ತದೆ! ಶರತ್ತು ಹೊರಡುವ ಋತು. ಮಳೆಯಲ್ಲಿ ಮುದುಡಿ ಕುಳಿತ ಜೀವಗಳೆಲ್ಲ ಎದ್ದು ನಡೆಯುವ ಕಾಲ ಅದು.

ಈ ಸುಖದ ಒಳಗೇ ಒಂದು ಹಳೆಯ ಅಂಜಿಕೆ ಕೂತಿದೆ. ದಾರಿ ಒಣಗಿದರೆ ಗಾಡಿ ಹೊರಡಬಹುದು. ಗಾಡಿ ಹೊರಡಬಹುದಾದರೆ ದಂಡೂ ಹೊರಡಬಹುದು.

ಹಿಂದಿನ ಕವಿಗಳು ಇದನ್ನು ಮುಚ್ಚಿಡಲಿಲ್ಲ. ರಘುವಂಶದ ನಾಲ್ಕನೆಯ ಸರ್ಗದಲ್ಲಿ ಕಾಳಿದಾಸ ಶರತ್ತಿನ ಚೆಲುವನ್ನು ಮನಸಾರೆ ವರ್ಣಿಸುವುದೇ ರಘುವಿನ ದಿಗ್ವಿಜಯಕ್ಕೆ ಮುನ್ನುಡಿಯಾಗಿ: ಹೊಳೆಗಳು ಇಳಿದಿವೆ, ಹಾದಿಯ ಕೆಸರು ಆರಿದೆ, ಇನ್ನೇಕೆ ತಡ ಎಂಬ ಧಾಟಿ. ಕಿಷ್ಕಿಂಧೆಯ ಕಥೆಯಲ್ಲಿ ರಾಮ ಮಳೆಗಾಲವಿಡೀ ಬೆಟ್ಟದ ಗವಿಯಲ್ಲಿ ಕಾಯುತ್ತಾನೆ. ಹಂಪೆಯ ಸುತ್ತಿನ ಜನರ ನಂಬಿಕೆಯಲ್ಲಿ ಆ ಬೆಟ್ಟ ಮಾಲ್ಯವಂತ. ಇಂದಿಗೂ ಅಲ್ಲಿ ರಘುನಾಥನ ಗುಡಿಯಿದೆ. ಮೋಡ ಚದುರಿದ ಮೇಲೂ ಸುಗ್ರೀವ ಸೈನ್ಯ ಕೂಡಿಸಲಿಲ್ಲವೆಂದು ಲಕ್ಷ್ಮಣ ಸಿಟ್ಟಿನಿಂದ ಊರೊಳಗೆ ನುಗ್ಗುತ್ತಾನೆ. ತಿಳಿಯಾದ ಆಕಾಶ ಅಲ್ಲಿ ಒಂದು ಗಡುವು, ಕೊಟ್ಟ ಮಾತು ನಡೆಸಬೇಕಾದ ದಿನ.

ಎಲ್ಲಕ್ಕಿಂತ ಮನಸ್ಸು ಕಲಕುವುದು ಉದ್ಯೋಗಪರ್ವ. ಕೃಷ್ಣ ಸಂಧಿಯ ಮಾತಿಗೆಂದು ಹಸ್ತಿನಾವತಿಗೆ ಹೊರಡುವುದು ಕಾರ್ತಿಕದಲ್ಲಿ, ಶರತ್ತು ಮುಗಿದು ಚಳಿ ಕಾಲಿಡುವಾಗ, ಹೊಲದಲ್ಲಿ ಪೈರು ಬಲಿತು ನಿಂತಾಗ. ಯುದ್ಧ ಬೇಡವೆನ್ನಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಊಟಕ್ಕೆ ಬೇಕಾದದ್ದೆಲ್ಲ ಕಣ್ಣೆದುರಿಗೇ ಇದೆ. ಸಂಧಿ ಮುರಿಯುತ್ತದೆ. ಮರಳುವ ದಾರಿಯಲ್ಲಿ ಅದೇ ಕೃಷ್ಣ ಕರ್ಣನ ಮುಂದೆ ಅದೇ ಕಾಲದ ಗುಣಗಳನ್ನು ಇನ್ನೊಂದು ರೀತಿಯಲ್ಲಿ ಎಣಿಸುತ್ತಾನೆ. ಕೆಸರಿಲ್ಲ, ನೊಣದ ಕಾಟ ಕಡಿಮೆ, ಮೇವು ಸೌದೆಗೆ ಕೊರತೆಯಿಲ್ಲ, ಸೆಕೆಯೂ ಅತಿಯಿಲ್ಲ ಚಳಿಯೂ ಅತಿಯಿಲ್ಲ. ಏಳು ದಿನಕ್ಕೆ ಅಮಾವಾಸ್ಯೆ, ಕಾಳಗ ಅಂದೇ ಆಗಲಿ ಎಂಬುದು ಅವನ ಮಾತಿನ ಸಾರ. ಒಕ್ಕಲಿಗನಿಗೆ ಸುಗ್ಗಿಯಾದದ್ದು ದಂಡಿಗೆ ದಾಸ್ತಾನಾಗುವ ಕ್ಷಣ ಇದು. ಪೈರು ಅದೇ, ನೀರು ಅದೇ. ನೋಡುವ ಕಣ್ಣು ಮಾತ್ರ ಬದಲಾಯಿತು.

ಹಾಗೆ ನೋಡಿದರೆ ಈ ನೆಲದಲ್ಲಿ ಶಾಂತಿಯ ಕಾಲವೆಂದರೆ ಮಳೆಗಾಲ. 1791ರ ಮೇ ತಿಂಗಳಲ್ಲಿ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರಕ್ಕೇ ಬಂದಿದ್ದ. ಮುಂಗಾರು ಹಿಡಿಯಿತು, ಎತ್ತುಗಳು ಮೇವಿಲ್ಲದೆ ಬಿದ್ದವು. ಕೋಟೆ ಒಡೆಯಲು ಎಳೆದು ತಂದಿದ್ದ ಭಾರಿ ಫಿರಂಗಿಗಳನ್ನು ತಾನೇ ಕೆಡಿಸಿ ಅವನು ಹಿಂದಿರುಗಬೇಕಾಯಿತು. ಕಾವೇರಿಯ ಎರಡು ಕವಲುಗಳ ನಡುವಿನ ಆ ಊರಿಗೆ ಹೊಳೆ ತುಂಬಿದಷ್ಟು ದಿನ ಕಾವಲು. ಜೂನಿನ ಮೊದಲ ಹನಿ ಬಿದ್ದಾಗ ಸಿಪಾಯಿಗಳ ಮನೆಯ ಹೆಂಗಸರಿಗೆ ಎಷ್ಟು ನೆಮ್ಮದಿಯಾಗಿದ್ದಿರಬೇಕು! ನಾಲ್ಕು ತಿಂಗಳು ಗಂಡ, ಮಗ ಮನೆಯಲ್ಲಿರುತ್ತಾರೆ. ಮಳೆ ಹಿಂದಾದಾಗ ಆ ನೆಮ್ಮದಿಯೂ ಹಿಂದಾಗುತ್ತಿತ್ತು. ಋತುವರ್ಣನೆಯ ಪದ್ಯಗಳಲ್ಲಿ ಹಂಸಗಳು ಬಂದವು, ಜೊಂಡಿನ ಹೂ ಅರಳಿತು. ಆ ಹೆಂಗಸರು ಬಾಗಿಲಲ್ಲಿ ನಿಂತು ಒಣಗುತ್ತಿರುವ ದಾರಿ ನೋಡಿದ್ದನ್ನು ಯಾರೂ ಅಷ್ಟು ಮನಸ್ಸಿಟ್ಟು ಬರೆಯಲಿಲ್ಲ.

ಬರೆದದ್ದು ಕಲ್ಲಿನ ಮೇಲೆ. ಬೆಂಗಳೂರಿನ ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಸುಮಾರು ಕ್ರಿ.ಶ. 890ರ ಒಂದು ಕಲ್ಲಿದೆ. ಬೆಂಗಳೂರೆಂಬ ಹೆಸರು ಸಿಗುವ ಅತ್ಯಂತ ಹಳೆಯ ಬರಹ ಅದೇ ಎಂದು ಪ್ರಸಿದ್ಧಿ. ಅದು ಪೇಟೆಯ ಸುದ್ದಿಯಲ್ಲ, ಕೆರೆ ಕಟ್ಟಿಸಿದ ಸುದ್ದಿಯಲ್ಲ. ಬೆಂಗಳೂರು ಕಾಳಗದಲ್ಲಿ ಒಬ್ಬ ಸತ್ತ ಎಂಬ ಸುದ್ದಿ. ಇಂಥ ವೀರಗಲ್ಲುಗಳು ರಾಜ್ಯದ ಊರೂರಿನಲ್ಲಿವೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ಕೈಹಿಡಿದು ಒಯ್ಯುವುದು, ಮೇಲೆ ಕೈಲಾಸ. ಮನೆಗೆ ಸುದ್ದಿ ಮುಟ್ಟುವ ದೃಶ್ಯಕ್ಕೆ ಆ ಕಲ್ಲುಗಳಲ್ಲಿ ಜಾಗವಿಲ್ಲ. ಶಿಲ್ಪಿಗೆ ಅದು ತಿಳಿಯದ ವಿಷಯವೇನಲ್ಲ. ಕಲ್ಲು ನಿಲ್ಲಿಸಲು ಬಂದವರ ಮುಖದಲ್ಲೇ ಅವನು ಅದನ್ನು ಕಂಡಿದ್ದಾನು.

ಬೇಗೂರಿನ ಕಲ್ಲಿಗೂ ಜಯಚಾಮರಾಜೇಂದ್ರ ನಗರದ ಕಲ್ಲಿಗೂ ಸಾವಿರ ವರ್ಷಕ್ಕಿಂತ ಹೆಚ್ಚಿನ ಅಂತರ. ಬಸ್ಸಿನಲ್ಲಿ ಹೋಗುವವರು ಜೆ.ಸಿ. ನಗರವೆಂದು ಕರೆಯುವ ಆ ಬಡಾವಣೆಯಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಮೊದಲನೆಯ ಮಹಾಯುದ್ಧದಲ್ಲಿ ಈಜಿಪ್ಟ್, ಪ್ಯಾಲೆಸ್ಟೈನ್ ಕಡೆಗೆ ಹೋಗಿ ಮರಳದ ಈಟಿ ಸವಾರರ ನೆನಪಿಗೆ ನಿಲ್ಲಿಸಿದ ಕಲ್ಲುಕಂಬ ಅದು.

ಅವರು ಹೊರಟದ್ದೂ ಶರತ್ತಿನಲ್ಲೇ. 1914ರ ದಸರೆ ಮುಗಿದ ಕೆಲವೇ ವಾರಗಳಲ್ಲಿ, ಅಕ್ಟೋಬರಿನಲ್ಲಿ, ಕುದುರೆ ಸಮೇತ ಬೆಂಗಳೂರು ಬಿಟ್ಟರು. ಆಗ ದೊರೆ ನಾಲ್ವಡಿ ಕೃಷ್ಣರಾಜ ಒಡೆಯರು. ಬ್ರಿಟಿಷ್ ಚಕ್ರಾಧಿಪತ್ಯಕ್ಕೆ ಸಂಸ್ಥಾನಗಳು ಕೊಡಬೇಕಾಗಿದ್ದ ಪಡೆಗಳಲ್ಲಿ ಮೈಸೂರಿನದೂ ಒಂದು. ಸವಾರರಲ್ಲಿ ಮುಸಲ್ಮಾನರಿದ್ದರು, ಹಿಂದೂಗಳಿದ್ದರು. ಎದುರಾಳಿ ಆಟೊಮನ್ ತುರ್ಕರು. ಅವರ ಸುಲ್ತಾನನೇ ಖಲೀಫ. ಶುಕ್ರವಾರದ ಪ್ರಾರ್ಥನೆಯಲ್ಲಿ ಯಾರ ಹೆಸರಿಗೆ ತಲೆಬಾಗಿದ್ದರೋ ಅವನ ಸೈನ್ಯದ ಮೇಲೇ ಈಟಿ ಎತ್ತಬೇಕಾದ ಸವಾರರ ಎದೆಯೊಳಗೆ ಏನಾಗುತ್ತಿತ್ತೋ! ಮೊದಲು ಸೂಯೆಜ್ ಕಾಲುವೆಯ ಕಾವಲು, ಆಮೇಲೆ ಸೈನಾಯ್ ಮರಳುಗಾಡು, ಆಮೇಲೆ ಪ್ಯಾಲೆಸ್ಟೈನ್. ನಾಲ್ಕು ದಸರೆಗಳು ಅವರಿಲ್ಲದೆ ನಡೆದವು.

1918ರ ಸೆಪ್ಟೆಂಬರ್ 19ರಂದು ಬ್ರಿಟಿಷ್ ಜನರಲ್ ಅಲೆನ್‌ಬಿಯ ದೊಡ್ಡ ದಾಳಿ ಶುರುವಾಯಿತು. ನಾಲ್ಕು ದಿನ ಕಳೆದು 23ರಂದು ಹದಿನೈದನೆಯ ಇಂಪೀರಿಯಲ್ ಸರ್ವಿಸ್ ಅಶ್ವದಳ ಹೈಫಾದ ಬಾಗಿಲಿಗೆ ಬಂತು. ಜೋಧಪುರ, ಮೈಸೂರು, ಹೈದರಾಬಾದ್ ಮೂರೂ ಸಂಸ್ಥಾನಗಳ ಸವಾರರು ಸೇರಿದ ದಳ ಅದು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆ, ನಡುವೆ ಇಕ್ಕಟ್ಟಾದ ದಾರಿ. ಬೆಟ್ಟದ ಮೇಲಿನಿಂದ ಫಿರಂಗಿ, ಕೆಳಗೆ ಮೆಷಿನ್ ಗನ್ನು. ಮೈಸೂರಿನ ಒಂದು ತುಕಡಿಯನ್ನು ಫಿರಂಗಿಗಳ ಬಾಯಿ ಮುಚ್ಚಿಸಲು ಬೆಟ್ಟ ಹತ್ತಿಸಿದರು. ಮಧ್ಯಾಹ್ನ ಸುಮಾರು ಎರಡಕ್ಕೆ ಜೋಧಪುರದವರು ಕೆಳಗಿನಿಂದ ನುಗ್ಗಿದರು. ಹೊಳೆ ದಾಟಲು ಹೋದಾಗ ಮುಂದಿನ ಕುದುರೆಗಳ ಕಾಲು ಹುದುಲಿನಲ್ಲಿ ಹೂತುಹೋದವು. ಉಳಿದವರು ಎಡಕ್ಕೆ ತಿರುಗಿ ಬೆಟ್ಟದ ತಪ್ಪಲು ಹಿಡಿದರು, ಮೆಷಿನ್ ಗನ್ನುಗಳ ಮೇಲೇ ಹರಿದರು, ಊರೊಳಗೆ ನುಗ್ಗಿದರು. ಮೈಸೂರಿನವರು ಅವರ ಬೆನ್ನಿಗೆ. ಸಂಜೆಗೆ ಮುಂಚೆ ಹೈಫಾ ಕೈವಶವಾಯಿತು. 1,350 ಮಂದಿ ಸೆರೆಯಾದರು. ಈಟಿ ಹಿಡಿದ ಕುದುರೆ ಸವಾರರು ಕೋಟೆಗಟ್ಟಿ ನಿಂತ ಊರನ್ನು ಗೆದ್ದದ್ದು ಇತಿಹಾಸದ ಪುಸ್ತಕಗಳಲ್ಲಿ ಇಂದಿಗೂ ಬೆರಗಿನ ಮಾತು.

ದಳದ ಕಡೆ ಸತ್ತವರು 8 ಜನ, ಗಾಯಗೊಂಡವರು 34. ಜೋಧಪುರದ ಮೇಜರ್ ದಳಪತ್ ಸಿಂಗ್ ಆ ಎಂಟರಲ್ಲಿ ಒಬ್ಬರು. ಕುದುರೆಗಳು ಸತ್ತದ್ದು 60; ಗಾಯಗೊಂಡವು 83.

ಈ ಕೊನೆಯ ಲೆಕ್ಕವನ್ನು ಓದುವವರು ಬೇಗ ದಾಟಿಬಿಡುತ್ತಾರೆ. ದಾಟಬಾರದು. ಎಂಟು ಮಂದಿಯ ಸಾವು ಕಡಿಮೆಯೆನ್ನಿಸಿದರೆ ಅದಕ್ಕೆ ಕಾರಣ ಅವರ ಬದಲಿಗೆ ಗುಂಡು ತಿಂದ ಆ ಅರವತ್ತು ಮೈಗಳು. ಸವಾರ ಬೆಳಿಗ್ಗೆ ಮೊದಲು ನೀರು ಕುಡಿಸುತ್ತಿದ್ದದ್ದು ಕುದುರೆಗೆ, ತಾನು ಆಮೇಲೆ. ಮರಳುಗಾಡಿನಲ್ಲಿ ನೀರು ಅಳೆದು ಕೊಡುತ್ತಿದ್ದ ವರ್ಷಗಳಲ್ಲಿ ಈ ಕ್ರಮಕ್ಕೆ ದೊಡ್ಡ ಅರ್ಥವಿತ್ತು. ಕುದುರೆಗೆ ಯಾವ ದೊರೆಯೂ ಗೊತ್ತಿಲ್ಲ, ಖಲೀಫನೂ ಗೊತ್ತಿಲ್ಲ. ಬೆನ್ನ ಮೇಲಿರುವವನ ಮೊಣಕಾಲಿನ ಒತ್ತು ಮಾತ್ರ ಗೊತ್ತು.

ಸೆಪ್ಟೆಂಬರ್ 23 ಆ ವರ್ಷ ಹಗಲು ಇರುಳು ಸಮವಾಗುವ ದಿನ. ಪಶ್ಚಿಮದ ಲೆಕ್ಕದಲ್ಲಿ ಶರತ್ತು ಕಾಲಿಡುವುದು ಅಂದೇ. ಕಾರ್ಮೆಲ್ ಬೆಟ್ಟದ ಮೇಲೆ ಆ ಹೊತ್ತಿಗೆ ಒಂದು ಹೂ ಬಿಡುತ್ತದೆ. ಕಾಡು ಈರುಳ್ಳಿಯ ಕುಲದ್ದು. ಎಲೆಯಿಲ್ಲದೆ ಒಣ ನೆಲದಿಂದ ನೇರವಾಗಿ ಎದ್ದ ಉದ್ದನೆಯ ದಂಟು, ದಂಟಿನ ತುಂಬ ಬಿಳಿ ಹೂ. ಅದನ್ನು ಕಂಡರೆ ಬೇಸಿಗೆ ಮುಗಿಯಿತೆಂದು ಆ ಸೀಮೆಯವರು ತಿಳಿಯುತ್ತಾರೆ. ಬೆಟ್ಟ ಹತ್ತಿದ ಮೈಸೂರಿನ ಸವಾರರು ಆ ಬಿಳಿ ದಂಟುಗಳ ನಡುವೆಯೇ ಹಾದಿರಬೇಕು. ಈಟಿಯೂ ಉದ್ದ, ಹೂದಂಟೂ ಉದ್ದ.

ಅತ್ತ ಊರಿನಲ್ಲಿ ಅದು ಭಾದ್ರಪದ ಬಹುಳ, ಪಿತೃಪಕ್ಷ. ಹೈಫಾದಲ್ಲಿ ಗುಂಡು ಹಾರುವಾಗ ಮೈಸೂರು ಸೀಮೆಯ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುವ ಸಿದ್ಧತೆ. ಪಕ್ಷದ ಹದಿನೈದು ದಿನಗಳಲ್ಲಿ ಒಂದು ದಿನವನ್ನು ನಮ್ಮ ಶಾಸ್ತ್ರ ಬೇರೆಯಾಗಿ ಎತ್ತಿಟ್ಟಿದೆ: ಅಮಾವಾಸ್ಯೆಯ ಹಿಂದಿನ ಚತುರ್ದಶಿ. ಆಯುಧದಿಂದ ಸತ್ತವರಿಗೆ ಅಂದು ಶ್ರಾದ್ಧ. ಎಷ್ಟು ಮನೆಗಳಲ್ಲಿ, ಎಷ್ಟು ತಲೆಮಾರು ಆ ಬಗೆಯ ಸಾವು ಬಂದಿದ್ದರೆ ಅದಕ್ಕೆಂದೇ ಒಂದು ತಿಥಿ ಬೇಕಾಯಿತು ಎಂದು ಯೋಚಿಸಿದರೆ ಎದೆ ಭಾರವಾಗುತ್ತದೆ. ಆ ಚತುರ್ದಶಿ ಕಳೆದು ಹತ್ತೇ ದಿನಕ್ಕೆ ಆಯುಧಪೂಜೆ. ಕೊಂದದ್ದನ್ನು ನೆನೆದು ಅಳುವ ದಿನ ಮೊದಲು, ಕೊಲ್ಲುವುದನ್ನು ತೊಳೆದು ಕುಂಕುಮ ಇಡುವ ದಿನ ಆಮೇಲೆ. ಪಂಚಾಂಗ ಬರೆದವರು ಈ ಎರಡನ್ನೂ ಒಂದರ ಬೆನ್ನಿಗೊಂದು ಕಟ್ಟಿದರು.

ಆ ವರ್ಷದ ದಸರೆಯ ಹೊತ್ತಿಗೆ ಲ್ಯಾನ್ಸರ್ಸ್ ಡಮಾಸ್ಕಸ್ ದಾಟಿ ಉತ್ತರಕ್ಕೆ ನಡೆಯುತ್ತಿದ್ದರು. ಕುದುರೆ ಪಡೆಯ ಮೇಲೆ ಆಗ ಬಿದ್ದದ್ದು ಗುಂಡಿಗಿಂತ ಕೆಟ್ಟ ಶತ್ರು. ಜೋರ್ಡಾನ್ ಕಣಿವೆಯ ಸೊಳ್ಳೆ ಕಚ್ಚಿದ ಮಲೇರಿಯಾ ಹತ್ತು ಹದಿನೈದು ದಿನದ ಮೇಲೆ ಮೈಯಲ್ಲಿ ಎದ್ದಿತು, ಜೊತೆಗೆ ಇನ್‌ಫ್ಲುಯೆಂಜಾ. ಅಕ್ಟೋಬರಿನಲ್ಲಿ ಆ ಪಡೆಗಳಲ್ಲಿ ಕಾಳಗಕ್ಕಿಂತ ಜ್ವರಕ್ಕೆ ಸತ್ತವರೇ ಹೆಚ್ಚು. ಉಳಿದವರು ಮುಂದೆ ನಡೆದರು. ಅಕ್ಟೋಬರ್ 26ರಂದು ಅಲೆಪ್ಪೊದ ಆಚೆ ಹರಿತಾನ್ ಎಂಬಲ್ಲಿ ಮೈಸೂರು, ಜೋಧಪುರದವರು ಮತ್ತೊಮ್ಮೆ ಕುದುರೆ ಬಿಟ್ಟರು. ಎದುರಿಗಿದ್ದ ಸೈನ್ಯ ಎಣಿಸಿದ್ದಕ್ಕಿಂತ ಬಹಳ ದೊಡ್ಡದಾಗಿತ್ತು. ಹೈಫಾದಲ್ಲಿ ಬಿದ್ದವರಿಗಿಂತ ಹೆಚ್ಚು ಜನ ಅಲ್ಲಿ ಬಿದ್ದರು. ನಾಲ್ಕು ದಿನಕ್ಕೆ, 30ರಂದು, ಮುದ್ರೋಸ್ ಬಂದರಿನಲ್ಲಿ ತುರ್ಕರು ಕದನವಿರಾಮಕ್ಕೆ ಸಹಿ ಹಾಕಿದರು. ದೀಪಾವಳಿಗೆ ಕೆಲವೇ ದಿನ ಉಳಿದಿತ್ತು.

ನಾಲ್ಕು ದಿನ! ದೊಡ್ಡ ಯುದ್ಧಗಳ ಕೊನೆಯ ದಿನಗಳಲ್ಲಿ ಸತ್ತವರ ಮನೆಯವರು ಈ ಲೆಕ್ಕವನ್ನು ಜೀವಮಾನವಿಡೀ ಹಾಕುತ್ತಾರೆ.

ಅವರು ಬಿಟ್ಟುಹೋದ ಊರಿನಲ್ಲಾದರೂ ಶರತ್ತು ಸುಮ್ಮನಿರಲಿಲ್ಲ. 1918ರ ಮುಂಗಾರು ದೇಶದ ಬಹುಭಾಗದಲ್ಲಿ ಕೈಕೊಟ್ಟಿತ್ತು. ಕಾಳಿನ ಬೆಲೆ ಏರಿತ್ತು. ಯುದ್ಧದ ಹಡಗುಗಳ ಜೊತೆ ಜೂನಿನಲ್ಲಿ ಬೊಂಬಾಯಿಗೆ ಇಳಿದಿದ್ದ ಅದೇ ಇನ್‌ಫ್ಲುಯೆಂಜಾ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಎರಡನೆಯ ಸಲ, ಮೊದಲಿಗಿಂತ ಕ್ರೂರವಾಗಿ ಎದ್ದು ಬೆಂಗಳೂರು, ಮೈಸೂರಿಗೂ ಹರಡಿತು. ದೇಶದಲ್ಲಿ ಒಂದು ಕೋಟಿಗೂ ಮೀರಿ ಜನ ಸತ್ತರು, ಹೆಚ್ಚಿನವರು ಹರೆಯದವರು. ಮಗ ಪರದೇಶದ ಕಾಳಗದಲ್ಲಿ ಬದುಕಿ ಉಳಿದ, ಅವನಿಗೆ ಕಾಗದ ಬರೆಯಬೇಕಾದವರು ಮನೆಯಲ್ಲಿ ಇಲ್ಲವಾದರು ಎಂಬಂಥ ಕಥೆಗಳು ಆ ವರ್ಷದಲ್ಲಿ ಅಸಾಧ್ಯವಾಗಿರಲಿಲ್ಲ. ಕಾಗದ ಹಡಗಿನಲ್ಲಿ ವಾರಗಟ್ಟಲೆ ಬರುತ್ತಿತ್ತು. ಸತ್ತವರು ಇನ್ನೂ ಬದುಕಿದ್ದಾರೆಂದೇ ಎರಡೂ ಕಡೆ ನಂಬಿದ ದಿನಗಳು ಎಷ್ಟೋ.

ಸತ್ತವರಿಗೆ ಕಲ್ಲು ಎದ್ದವು. ಜೆ.ಸಿ. ನಗರದಲ್ಲಿ ಒಂದು. ದೆಹಲಿಯಲ್ಲಿ ಲೆನಾರ್ಡ್ ಜೆನ್ನಿಂಗ್ಸ್ ಮಾಡಿದ ಮೂರು ಕಂಚಿನ ಸವಾರರು 1922ರಿಂದ ನಿಂತಿದ್ದಾರೆ. ತೀನ್ ಮೂರ್ತಿ ಎಂಬ ಹೆಸರು ಬಂದದ್ದು ಅವರಿಂದಲೇ, ಮೂವರಲ್ಲಿ ಒಬ್ಬ ಮೈಸೂರಿನವನು. 2018ರಲ್ಲಿ ಆ ವೃತ್ತಕ್ಕೆ ಹೈಫಾ ಹೆಸರೂ ಸೇರಿತು. ಆದರೆ ಮರೆಯಲಾಗದ್ದು ಸೂಯೆಜ್ ಕಾಲುವೆಯ ತುದಿಯ ಪೋರ್ಟ್ ತೌಫೀಕ್‌ನದು. ಈಜಿಪ್ಟ್, ಪ್ಯಾಲೆಸ್ಟೈನಿನಲ್ಲಿ ಸತ್ತು ಸಮಾಧಿಯ ಗುರುತೂ ಇಲ್ಲದ ಸುಮಾರು 4,000 ಭಾರತೀಯ ಸಿಪಾಯಿಗಳ ಹೆಸರಿಗೆ ಅಲ್ಲಿ 1926ರಲ್ಲಿ ಒಂದು ಸ್ಮಾರಕ ಕಟ್ಟಿದರು, ಕಾವಲಿಗೆ ಹುಲಿಗಳನ್ನು ಕೆತ್ತಿ ಕೂರಿಸಿದರು. 1967ರಿಂದ ಶುರುವಾದ ಇಸ್ರೇಲ್, ಈಜಿಪ್ಟ್ ಕಾದಾಟಗಳಲ್ಲಿ ಅದು ಒಡೆದು ಹಾಳಾಯಿತು. ಆ ಸಾಲಿನ ಕೊನೆಯ ದೊಡ್ಡ ಯುದ್ಧ 1973ರ ಅಕ್ಟೋಬರಿನದು. ಅಲ್ಲಿ ಯಹೂದಿಗಳಿಗೆ ಯೋಮ್ ಕಿಪ್ಪುರ್, ಇಲ್ಲಿ ದಸರೆ. ಯುದ್ಧದಲ್ಲಿ ಸತ್ತವರ ಹೆಸರುಗಳೂ ಮತ್ತೊಂದು ಯುದ್ಧದಲ್ಲಿ ಸತ್ತವು. 1980ರಲ್ಲಿ ಕೈರೋ ಬಳಿಯ ಹೀಲಿಯೊಪೊಲಿಸ್‌ನಲ್ಲಿ ಅವನ್ನು ಮತ್ತೆ ಬರೆಯಬೇಕಾಯಿತು.

ಇಂದಿನ ಸೈನ್ಯಕ್ಕೆ ಒಣ ದಾರಿ ಬೇಕಾಗಿಲ್ಲ. ವಿಮಾನಕ್ಕೆ ಕೆಸರಿಲ್ಲ, ಕ್ಷಿಪಣಿಗೆ ಮೇವು ಬೇಡ. ಆದರೂ ಶರತ್ತು ಬಂದರೆ ಆ ಸೀಮೆಯ ಸುದ್ದಿ ಕೇಳುವ ಕಿವಿ ತಾನಾಗಿ ನೆಟ್ಟಗಾಗುತ್ತದೆ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು. ಅದರ ಬೆನ್ನಿಗೆ ಗಾಜಾ ಪಟ್ಟಿಯಲ್ಲಿ ಸತ್ತವರು ಹತ್ತಾರು ಸಾವಿರ; ಅವರಲ್ಲಿ ಮಕ್ಕಳು ಎಷ್ಟೋ ಸಾವಿರ. ಮರುವರ್ಷ ಸೆಪ್ಟೆಂಬರ್ 23ರಂದು, ಹೈಫಾ ಬಿದ್ದ ಅದೇ ತಾರೀಖಿನಂದು, ಲೆಬನಾನಿನ ಮೇಲೆ ಇಸ್ರೇಲ್ ನಡೆಸಿದ ವಾಯುದಾಳಿಯಲ್ಲಿ ಒಂದೇ ದಿನ 500ಕ್ಕೂ ಹೆಚ್ಚು ಜನ ಹೋದರು. ಆ ಶರತ್ತಿನಲ್ಲಿ ಲೆಬನಾನಿನಿಂದ ಹಾರಿದ ರಾಕೆಟ್ಟುಗಳು ಹೈಫಾದ ಸುತ್ತಮುತ್ತ ಬಿದ್ದವು. ಮೈಸೂರಿನವರು ಹತ್ತಿದ್ದ ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿ ಈಗ ಮನೆಗಳಿವೆ. ಸೈರನ್ ಕೂಗಿದಾಗ ಅಲ್ಲಿನ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಕೆಳಗಿಳಿಯುತ್ತಾರೆ. ಗಡಿಯ ಆಚೆ ಇಳಿಯಲು ನೆಲಮನೆಯೂ ಇಲ್ಲದ ತಾಯಂದಿರಿದ್ದಾರೆ. ಎರಡು ಕಡೆಯ ಅಳುವನ್ನು ತಕ್ಕಡಿಗೆ ಹಾಕಿ ತೂಗುವವರ ಮಾತು ಕೇಳುವಾಗ ಬೇಗೂರಿನ ಕಲ್ಲಿನ ಮೌನವೇ ಮೇಲೆನ್ನಿಸುತ್ತದೆ.

ಮೈಸೂರಿನ ಸವಾರರು ಹೋದ ಸೀಮೆಗೆ ಈಗ ಹೋಗುವುದು ಕರಾವಳಿಯವರು. ಮಂಗಳೂರು, ಉಡುಪಿ ಕಡೆಯ ಗಂಡಸರು, ಹೆಂಗಸರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಇಸ್ರೇಲಿನ ಮನೆಗಳಲ್ಲಿ ಮುದುಕರ, ಹಾಸಿಗೆ ಹಿಡಿದವರ ಆರೈಕೆ ಮಾಡುತ್ತಾರೆ. ಕೊಲ್ಲಲು ಹೋದವರಲ್ಲ, ಉಣಿಸಲು, ಮೈ ತೊಳೆಸಲು, ಕೈಹಿಡಿದು ನಡೆಸಲು ಹೋದವರು. ಸೈರನ್ ಕೂಗಿದಾಗ ಅವರು ಒಬ್ಬರೇ ಓಡುವಂತಿಲ್ಲ, ಗಾಲಿಕುರ್ಚಿ ತಳ್ಳಿಕೊಂಡು ಓಡಬೇಕು. 2023ರ ಆ ನವರಾತ್ರಿಯಲ್ಲಿ ಕರಾವಳಿಯ ಎಷ್ಟೋ ಮನೆಗಳಲ್ಲಿ ದೇವರ ಮುಂದಿನ ದೀಪದ ಪಕ್ಕ ಮೊಬೈಲು ಇತ್ತು. 1918ರಲ್ಲಿ ವಾರಗಟ್ಟಲೆ ಬಾರದಿದ್ದ ಕಾಗದ ಈಗ ಗಳಿಗೆಗೊಮ್ಮೆ ಬರುತ್ತದೆ. ಬಾರದ ಗಳಿಗೆಯಲ್ಲಿ ಎದೆ ಹೊಡೆದುಕೊಳ್ಳುವುದು ಮಾತ್ರ ಅಂದಿನಂತೆಯೇ.

ಶ್ರೀರಂಗಪಟ್ಟಣದ ಬಳಿ ಪಶ್ಚಿಮವಾಹಿನಿಯಲ್ಲಿ ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಕಾಲಿಡಲು ಜಾಗವಿರುವುದಿಲ್ಲ. ಎಳ್ಳು, ದರ್ಭೆ, ಅಕ್ಕಿ ಹಿಟ್ಟಿನ ಪಿಂಡ, ಬಾಳೆಲೆ. ಸೊಂಟದವರೆಗಿನ ನೀರಿನಲ್ಲಿ ನಿಂತವರು ಹೆಸರು ಹಿಡಿದು ನೀರು ಬಿಡುತ್ತಾರೆ: ತಂದೆ, ಅಜ್ಜ, ಮುತ್ತಜ್ಜ, ತಾಯಿ, ಅಜ್ಜಿ. ಅಲ್ಲಿಂದ ಹೆಚ್ಚು ದೂರವಿಲ್ಲದ ಕಿರಂಗೂರಿನಲ್ಲಿ ಬನ್ನಿಮಂಟಪವಿದೆ. ಶ್ರೀರಂಗಪಟ್ಟಣದ ದಸರೆ ಮೆರವಣಿಗೆ ಹೊರಡುವುದು ಅಲ್ಲಿಂದಲೇ. ರಾಜ ಒಡೆಯರು 1610ರಲ್ಲಿ ಈ ಊರಿನಲ್ಲಿ ದಸರೆ ಆರಂಭಿಸಿದರು. ಪಾಂಡವರು ಆಯುಧ ಬಚ್ಚಿಟ್ಟ, ಮರಳಿ ತೆಗೆದ ಮರ ಬನ್ನಿ. ಉತ್ತರ ಕರ್ನಾಟಕದ ಊರುಗಳಲ್ಲಿ ಆ ಎಲೆಯನ್ನು ಕೈಗೆ ಕೊಟ್ಟು, ಬನ್ನಿ ತಗೊಂಡು ಬಂಗಾರದ ಹಾಗೆ ಇರೋಣ ಎನ್ನುತ್ತಾರೆ. ಜಗಳವಾಡಿ ಮಾತು ಬಿಟ್ಟವರೂ ಆ ಒಂದು ಸಂಜೆ ಎಲೆ ಕೊಡದೆ ಇರುವುದಿಲ್ಲ. ಆಯುಧದ ಮರಕ್ಕೆ ಜನ ಸದ್ದಿಲ್ಲದೆ ಹೊರಿಸಿದ ಇನ್ನೊಂದು ಕೆಲಸ ಅದು.

ತರ್ಪಣದ ಕೊನೆಗೆ ಇನ್ನೊಂದು ಕ್ರಿಯೆ ಉಳಿದಿರುತ್ತದೆ. ಕುಲದಲ್ಲಿ ಹುಟ್ಟಿ ಮಕ್ಕಳಿಲ್ಲದೆ ಸತ್ತವರು, ತಮಗೆಂದು ನೀರು ಬಿಡುವವರು ಯಾರೂ ಇಲ್ಲದವರು ಇರುತ್ತಾರಲ್ಲ, ಅವರಿಗೆ. ಮದುವೆಗೆ ಮುಂಚೆಯೇ ದಂಡಿಗೆ ಹೋಗಿ ಮರಳದವರೆಲ್ಲ ಆ ಲೆಕ್ಕಕ್ಕೇ ಬರುತ್ತಾರೆ. ಅವರಿಗಾಗಿ ಬೊಗಸೆಯಲ್ಲಿ ನೀರು ಎತ್ತುವುದಿಲ್ಲ. ಸ್ನಾನದಲ್ಲಿ ನೆನೆದ ಬಟ್ಟೆಯ ಅಂಚನ್ನು ದಡದ ಮೇಲೆ ಹಿಂಡುತ್ತಾರೆ. ಅಮಾವಾಸ್ಯೆಯ ಬೆಳಿಗ್ಗೆ ಪಶ್ಚಿಮವಾಹಿನಿಯ ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತ ಜನ ಬಟ್ಟೆ ಹಿಂಡುತ್ತಿರುತ್ತಾರೆ, ಕಲ್ಲು ಒದ್ದೆಯಾಗುತ್ತಿರುತ್ತದೆ, ಏರೋಪ್ಲೇನ್ ಚಿಟ್ಟೆಗಳು ತಲೆಯ ಮೇಲೆ ತೇಲುತ್ತಿರುತ್ತವೆ. ಹತ್ತು ಗಂಟೆಯ ಬಿಸಿಲಿಗೆ ಮೆಟ್ಟಿಲು ಒಣಗತೊಡಗುತ್ತದೆ. ಅಷ್ಟರಲ್ಲಿ ಮತ್ತೊಬ್ಬರು ಬಂದು ಹಿಂಡುತ್ತಾರೆ.